ರೋಮನರ ಕಲೆಯಲ್ಲಿ ಕನ್ನಡಿ ಮತ್ತು ಪ್ರತಿಬಿಂಬ

ಶಾಲೆಗೆ ಹೊರಡುವ ಮುನ್ನ ನಾವೆಲ್ಲರೂ ಒಮ್ಮೆ ಕನ್ನಡಿಯ ಮುಂದೆ ನಿಲ್ಲುವುದುಂಟು. ಬೈತಲೆ ನೆಟ್ಟಗಿದೆಯೆ, ಹಣೆಯ ವಿಭೂತಿಯೋ ಕುಂಕುಮವೋ ಅಳಿಸಿದೆಯೆ, ಅಂಗಿಯ ಗುಂಡಿ ತಪ್ಪಿದೆಯೆ ಎಂದು ನೋಡಿಕೊಂಡರೆ ಕನ್ನಡಿಯ ಕೆಲಸ ಮುಗಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಹಿರಿಯರು ಕೇಳುವರು. ಬೇಡ, ನಿಜ; ಅಂಗೈಯನ್ನು ಕಣ್ಣು ತಾನೇ ಕಾಣಬಲ್ಲದು. ಆದರೆ ಲೋಕವನ್ನೆಲ್ಲ ಕಾಣುವ ಆ ಕಣ್ಣಿಗೆ ತನ್ನ ಮುಖವೊಂದು ಮಾತ್ರ ಕಾಣದು. ಅದನ್ನು ಕಾಣಬೇಕಾದರೆ ನೀರೋ ಲೋಹವೋ ಗಾಜೋ ನೆರವಿಗೆ ಬರಬೇಕು. ಈ ವಿಚಿತ್ರವನ್ನು ಕುರಿತು ಆಳವಾಗಿ ಚಿಂತಿಸಿ, ಆ ಚಿಂತನೆಯನ್ನು ಮನೆಯ ಗೋಡೆಯ ಮೇಲೂ ನೆಲದ ಮೇಲೂ ಬೆಳ್ಳಿಯ ಪೆಟ್ಟಿಗೆಯ ಮೇಲೂ ರೂಪಿಸಿಟ್ಟವರಲ್ಲಿ ಪ್ರಾಚೀನ ರೋಮನರು ಗಣ್ಯರು. ಅವರ ಕಲೆಯಲ್ಲಿ ಕನ್ನಡಿ ಕಾಣಿಸಿಕೊಂಡ ಕಡೆಗಳಲ್ಲಿ ಹೆಚ್ಚಾಗಿ ಒಂದು ಪ್ರಶ್ನೆಯೂ ಅಡಗಿರುತ್ತದೆ: ತನ್ನನ್ನು ನೋಡಿಕೊಂಡವನು ತನ್ನನ್ನು ಅರಿತುಕೊಂಡನೆ? ಈ ಪ್ರಶ್ನೆಯನ್ನೇ ಕೈದೀಪವಾಗಿ ಹಿಡಿದು ನಾವು ಆ ಕಲೆಯನ್ನು ಸ್ವಲ್ಪಮಟ್ಟಿಗೆ ಪರಿಚಯ ಮಾಡಿಕೊಳ್ಳೋಣ.

ಇಷ್ಟು ಪುರಾತನವಾದ ಚಿತ್ರಗಳು ಉಳಿದುಬಂದುದು ಹೇಗೆ ಎಂಬ ಸಂದೇಹ ಸಹಜವಾದುದು. ಕ್ರಿ. ಶ. 79ರಲ್ಲಿ ದಕ್ಷಿಣ ಇಟಲಿಯ ವೆಸೂವಿಯಸ್ ಪರ್ವತವು ಬೆಂಕಿಯನ್ನು ಕಾರಿತು. ಅದರ ಬೂದಿ ಮತ್ತು ಕಲ್ಲಿನ ಮಳೆಯಲ್ಲಿ ಪಾಂಪೇಯಿ ಎಂಬ ಪಟ್ಟಣ ಮುಚ್ಚಿಹೋಯಿತು. 1748ರಲ್ಲಿ ಅಲ್ಲಿ ಅಗೆತ ಮೊದಲಾಯಿತು, ಇಂದಿಗೂ ಮುಗಿದಿಲ್ಲ. ಸಾವಿರಾರು ಜನರಿಗೆ ಮೃತ್ಯುವಾದ ಆ ಬೂದಿಯೇ ಅವರ ಮನೆಗಳ ಗೋಡೆಚಿತ್ರಗಳನ್ನು ಗಾಳಿ ಬಿಸಿಲುಗಳಿಂದ ಕಾಪಾಡಿತು. ಅವುಗಳಲ್ಲಿ ಉತ್ತಮವಾದವು ಅನೇಕ ಈಗ ನೇಪಲ್ಸ್ ನಗರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿವೆ.

ಕನ್ನಡಿಯ ಲೋಹ

ರೋಮನರ ಕನ್ನಡಿ ಎಂದೊಡನೆ ನಾವು ಗೋಡೆಗೆ ತೂಗುಹಾಕಿದ ಗಾಜಿನ ಹಲಗೆಯನ್ನು ಕಲ್ಪಿಸಿಕೊಳ್ಳಬಾರದು. ಅವರ ಕನ್ನಡಿ ಬಹುಮಟ್ಟಿಗೆ ಲೋಹದ ಬಿಲ್ಲೆ. ತಾಮ್ರಕ್ಕೆ ತವರವನ್ನು ಬೆರೆಸಿ ಎರಕ ಹೊಯ್ದು, ಒಂದು ಮೈಯನ್ನು ನುಣುಪಾಗಿ ಉಜ್ಜಿ, ಕೆಳಗೊಂದು ಹಿಡಿಯನ್ನು ಜೋಡಿಸುತ್ತಿದ್ದರು. ತವರದ ಪಾಲು ಹೆಚ್ಚಿದಷ್ಟೂ ಲೋಹ ಬೆಳ್ಳಗಾಗಿ ಬಿಂಬ ಸ್ಪಷ್ಟವಾಗುತ್ತಿತ್ತು. ವೆಸೂವಿಯಸ್ಸಿನ ಆ ಉತ್ಪಾತದಲ್ಲಿಯೇ ಪ್ರಾಣಬಿಟ್ಟ ಪ್ಲಿನಿ ಎಂಬ ವಿದ್ವಾಂಸನು, ಹಿಂದಿನ ಕಾಲದಲ್ಲಿ ಬ್ರುಂಡಿಸಿಯಮ್ ಪಟ್ಟಣದ ಕಂಚಿನ ಕನ್ನಡಿಗಳು ಶ್ರೇಷ್ಠವೆನಿಸಿದ್ದುವೆಂದೂ ಬಳಿಕ ಬೆಳ್ಳಿಯ ಕನ್ನಡಿಗಳು ಅವನ್ನು ಹಿಂದೆ ಹಾಕಿದುವೆಂದೂ ಬರೆದಿದ್ದಾನೆ. ಪಾಂಪೇಯಿಯ ಸಮೀಪದ ಬೊಸ್ಕೊರೆಯಾಲೆ ಎಂಬಲ್ಲಿ 1895ರಲ್ಲಿ ದೊರೆತ ಬೆಳ್ಳಿಯ ನಿಧಿಯಲ್ಲಿ ಇಂತಹ ಕನ್ನಡಿಗಳಿದ್ದುವು. ಅವೀಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಗಾಜಿನ ಬೆನ್ನಿಗೆ ಸೀಸ ಹಚ್ಚಿದ ಕನ್ನಡಿಗಳೂ ಆ ಕಾಲಕ್ಕೆ ಇಲ್ಲದಿರಲಿಲ್ಲ. ಆದರೆ ಅವು ತೀರ ಚಿಕ್ಕವು.

ಹುಣಿಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ತಟ್ಟೆಯಲ್ಲಿ ಒಮ್ಮೆ ಮುಖ ನೋಡಿಕೊಂಡರೆ ರೋಮನರಿಗೆ ತಮ್ಮ ಮುಖ ಹೇಗೆ ಕಾಣುತ್ತಿದ್ದಿತೆಂಬುದು ಸ್ವಲ್ಪ ತಿಳಿದೀತು. ಬಿಂಬವು ಕೊಂಚ ಮಸುಕು; ಬಣ್ಣ ಲೋಹದ ಬಣ್ಣ. ನಾಲ್ಕು ದಿನ ಉಜ್ಜದೆ ಬಿಟ್ಟರೆ ತಟ್ಟೆ ಕಪ್ಪಾಗುತ್ತದೆ, ಮುಖ ಮಾಯವಾಗುತ್ತದೆ. ಮುಖ ಕಾಣಬೇಕಾದರೆ ಶ್ರಮಪಡಬೇಕೆಂಬುದು ಆ ಜನರಿಗೆ ನಿತ್ಯಾನುಭವವಾಗಿತ್ತು. ಇದನ್ನು ನಾವು ನೆನಪಿನಲ್ಲಿಡತಕ್ಕದ್ದು.

ನೀರಿನಲ್ಲಿ ಕಂಡ ಮುಖ

ಪಾಂಪೇಯಿಯ ಗೋಡೆಗಳ ಮೇಲೆ ಮತ್ತೆ ಮತ್ತೆ ಕಾಣಸಿಗುವ ಕಥಾನಾಯಕರಲ್ಲಿ ನಾರ್ಸಿಸಸ್ ಎಂಬ ತರುಣನೊಬ್ಬ. ಈ ಒಂದೇ ಪಟ್ಟಣದಲ್ಲಿ ಅವನ ಚಿತ್ರಗಳು ಸುಮಾರು ಐವತ್ತು ದೊರೆತಿವೆ. 2019ರಲ್ಲಿಯೂ ಹೊಸದಾಗಿ ಅಗೆದ ಮನೆಯೊಂದರ ಹಜಾರದಲ್ಲಿ ಅವನ ಇನ್ನೊಂದು ಚಿತ್ರ ಬೆಳಕಿಗೆ ಬಂದಿತು.

ಅವನ ಕಥೆಯನ್ನು ಓವಿಡ್ ಎಂಬ ರೋಮನ್ ಕವಿ ತನ್ನ ‘ರೂಪಾಂತರಗಳು’ ಎಂಬ ಕಾವ್ಯದ ಮೂರನೆಯ ಭಾಗದಲ್ಲಿ ಹೇಳಿದ್ದಾನೆ. ಮಗು ಹುಟ್ಟಿದಾಗ ತಾಯಿಯು ಕುರುಡನಾದ ಒಬ್ಬ ಕಾಲಜ್ಞಾನಿಯ ಬಳಿಗೆ ಹೋಗಿ, ತನ್ನ ಮಗನು ದೀರ್ಘಾಯುವಾಗುವನೆ ಎಂದು ಕೇಳುತ್ತಾಳೆ. ತನ್ನನ್ನು ತಾನು ಅರಿಯದಿದ್ದರೆ ಆಗುವನು ಎಂದು ಅವನ ಉತ್ತರ. ನಿನ್ನನ್ನು ನೀನು ಅರಿ ಎಂಬುದು ಗ್ರೀಕರ ಡೆಲ್ಫಿ ಕ್ಷೇತ್ರದ ಪ್ರಸಿದ್ಧ ಉಪದೇಶ. ಜ್ಞಾನಿಯ ಮಾತು ಅದಕ್ಕೆ ನೇರವಾಗಿ ವಿರುದ್ಧವಾಗಿದೆ. ಆದುದರಿಂದ ಕೇಳಿದವರಿಗೆ ಅದು ಒಗಟಾಯಿತು. ಹುಡುಗ ಬೆಳೆದು ಅತಿ ಸುಂದರನಾದ. ತನ್ನನ್ನು ಮೆಚ್ಚಿ ಬಂದವರನ್ನೆಲ್ಲ ತಿರಸ್ಕರಿಸಿದ. ಒಂದು ದಿನ ಬೇಟೆಯಾಡಿ ದಣಿದು, ಕಾಡಿನ ತಿಳಿಗೊಳವೊಂದರಲ್ಲಿ ನೀರು ಕುಡಿಯಲು ಬಾಗಿದಾಗ ಅಲ್ಲೊಂದು ಮುಖ ಕಂಡಿತು. ಅದು ತನ್ನದೆಂದು ತಿಳಿಯದೆ ಅದಕ್ಕೆ ಮನಸೋತ. ಕೈಚಾಚಿದರೆ ನೀರು ಕಲಕುವುದು, ಮುಖ ಒಡೆಯುವುದು. ನಮ್ಮವರು ಕನ್ನಡಿಯೊಳಗಿನ ಗಂಟು ಎನ್ನುತ್ತಾರಲ್ಲವೆ, ಅಂತಹುದು ಅದು. ಕೊನೆಗೆ ಆ ಮುಖ ತನ್ನದೇ ಎಂಬ ಅರಿವು ಅವನಿಗಾಯಿತು. ಅರಿತಮೇಲೂ ಅಲ್ಲಿಂದೇಳಲಾರದೆ ಅವನು ಆ ದಡದಲ್ಲಿಯೇ ಕರಗಿಹೋದ. ದೇಹವಿದ್ದ ಸ್ಥಳದಲ್ಲಿ ಒಂದು ಹೂವು ಮಾತ್ರ ಉಳಿಯಿತು.

ಚಿತ್ರಕಾರರು ಈ ಕಥೆಯಲ್ಲಿ ಆರಿಸಿಕೊಂಡ ಗಳಿಗೆಯನ್ನು ಗಮನಿಸಬೇಕು. ಅವನ ಮರಣವನ್ನು ಅವರು ಹೆಚ್ಚಾಗಿ ಬರೆಯಲಿಲ್ಲ. ಅವನು ಬಂಡೆಯ ಮೇಲೆ ಆರಾಮವಾಗಿ ಒರಗಿ ನೀರನ್ನು ನೋಡುತ್ತಿರುವುದನ್ನು ಬರೆದರು. ಅನೇಕ ಚಿತ್ರಗಳಲ್ಲಿ ನೀರೊಳಗೆ ಕಾಣುವುದು ಮುಖವೊಂದೇ. ಮೇಲೆ ಇಡೀ ಮನುಷ್ಯ, ಕೆಳಗೆ ದೇಹವಿಲ್ಲದ ತಲೆ! ತನ್ನ ರೂಪವನ್ನಷ್ಟೆ ನೋಡುತ್ತ ಕುಳಿತವನಿಗೆ ತನ್ನಲ್ಲಿ ಎಷ್ಟು ಅಲ್ಪಭಾಗ ಕಾಣುತ್ತದೆಂಬುದನ್ನು ತೋರಿಸಲು ಇದಕ್ಕಿಂತ ಸರಳವಾದ ಉಪಾಯ ಬೇರೆ ಯಾವುದಿದ್ದೀತು?

ಆಕ್ಟೇವಿಯಸ್ ಕ್ವಾರ್ಟಿಯೊ ಎಂಬವನದೆಂದು ಹೇಳುವ ಮನೆಯಲ್ಲಿ ಈ ಚಿತ್ರವನ್ನು ತೋಟದ ಕಡೆಯ ಒಂದು ಊಟದ ಜಗಲಿಯ ಬಳಿ ಬರೆದಿದ್ದಾರೆ. ಅಲ್ಲಿ ಉದ್ದವಾದ ನೀರಿನ ಕಾಲುವೆಯಿದೆ. ಅದರ ತುದಿಯ ಕಾರಂಜಿಯ ಒಂದು ಪಕ್ಕದಲ್ಲಿ ನಾರ್ಸಿಸಸ್. ಇನ್ನೊಂದು ಪಕ್ಕದಲ್ಲಿ ಬೇರೊಂದು ದುರಂತಪ್ರೇಮದ ಚಿತ್ರ, ಅದರ ಬಳಿ ಲೂಸಿಯಸ್ ಎಂಬ ಚಿತ್ರಕಾರನ ಹೆಸರು. ಊಟಕ್ಕೆ ಒರಗಿದ ಅತಿಥಿಗೆ ಗೋಡೆಯ ಮೇಲೆ ಬಣ್ಣದ ನೀರು, ಕಣ್ಣ ಮುಂದೆ ನಿಜವಾದ ನೀರು. ನಾರ್ಸಿಸಸ್ಸನನ್ನು ನೋಡಿ ನಕ್ಕವನು ತಲೆ ಬಾಗಿಸಿದೊಡನೆ ಕಾಲುವೆಯಲ್ಲಿ ತನ್ನ ಮುಖವನ್ನೇ ಕಾಣುವನು. ಆಗ ಆ ನಗೆ ಎಲ್ಲಿ ಉಳಿಯಿತು!

ಗುರಾಣಿಯ ಕನ್ನಡಿ

ಬೆಳಗಿದ ಗುರಾಣಿಯೂ ಒಂದು ಕನ್ನಡಿಯೇ. ಯುದ್ಧದ ಸಾಧನವನ್ನು ಕನ್ನಡಿಯಾಗಿಸುವುದರಲ್ಲಿ ರೋಮನರ ಕಾಲದ ಕಲಾವಿದರು ತೋರಿದ ಕೌಶಲ ಅಸಾಧಾರಣವಾದುದು.

ಪಾಂಪೇಯಿಯ ‘ಫಾನನ ಮನೆ’ ಎಂಬ ದೊಡ್ಡ ಮನೆಯಲ್ಲಿ 1831ರಲ್ಲಿ ನೆಲಹಾಸಿನ ಚಿತ್ರವೊಂದು ದೊರೆಯಿತು. ಸಾಸಿವೆಗಿಂತ ಸ್ವಲ್ಪ ದೊಡ್ಡವಾದ ಬಣ್ಣದ ಕಲ್ಲಿನ ಚೂರುಗಳನ್ನು ಲಕ್ಷಗಟ್ಟಲೆ ಜೋಡಿಸಿ ಮಾಡಿದ, ಆರು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಈ ಚಿತ್ರ ಸುಮಾರು ಕ್ರಿ. ಪೂ. 100ರದು. ಅದಕ್ಕೂ ಹಿಂದಿನ ಒಂದು ಗ್ರೀಕ್ ಚಿತ್ರದ ಪ್ರತಿಯೆಂದು ವಿದ್ವಾಂಸರು ಹೇಳುವರು. ಎಡಗಡೆಯಿಂದ ಕುದುರೆಯೇರಿ ನುಗ್ಗುತ್ತಿರುವ ಅಲೆಕ್ಸಾಂಡರ್. ಬಲಗಡೆ ರಥದಲ್ಲಿ ದಿಗ್ಭ್ರಾಂತನಾದ ಪರ್ಷಿಯದ ಅರಸು ಡೇರಿಯಸ್. ನೋಡುವವರ ಕಣ್ಣು ಮೊದಲು ಈ ಇಬ್ಬರು ರಾಜರ ಮೇಲೆಯೇ ನೆಡುವುದು. ಆದರೆ ರಥದ ಬಳಿ ನೆಲಕ್ಕುರುಳಿದ ಒಬ್ಬ ಪರ್ಷಿಯದ ಸಿಪಾಯಿಯಿದ್ದಾನೆ. ಅವನ ಹೆಸರು ಚರಿತ್ರೆಗೆ ತಿಳಿಯದು. ಅವನು ಹಿಡಿದ ಗುರಾಣಿಯ ನುಣುಪಾದ ಮೈಯಲ್ಲಿ ಅವನದೇ ಮುಖ ಮೂಡಿದೆ. ಇನ್ನೊಂದು ಗಳಿಗೆಯಲ್ಲಿ ರಥ ತನ್ನ ಮೇಲೆ ಹರಿಯಲಿರುವಾಗ ಅವನು ಕಾಣುತ್ತಿರುವುದು ತನ್ನ ಕಣ್ಣುಗಳನ್ನು! ನಮಗೆ ಅವನ ಪರಿಚಯವಾಗುವುದೂ ಆ ಗುರಾಣಿಯಲ್ಲಿಯೇ. ಗೆದ್ದವನ ಕೀರ್ತಿಯನ್ನು ಸಾರುವ ಚಿತ್ರದ ನಡುವೆ ಸೋತವನ ಒಂದು ಮುಖವನ್ನು ಹೀಗೆ ಅಡಗಿಸಿಟ್ಟ ಕಲಾವಿದನ ಅಂತಃಕರಣ ಎಷ್ಟು ದೊಡ್ಡದು! ಚರಿತ್ರೆಯ ಪಾಠವನ್ನು ಓದುವಾಗ ನಾವೆಲ್ಲರೂ ಈ ಸಿಪಾಯಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇನ್ನೊಂದು ಗುರಾಣಿ ವೀರ ಅಕಿಲಿಸನದು. ಅವನ ತಾಯಿ ಥೆಟಿಸ್ ಒಬ್ಬ ಜಲದೇವತೆ. ಮಗನಿಗೆ ಹೊಸ ಆಯುಧಗಳು ಬೇಕಾದಾಗ ಅವಳು ದೇವತೆಗಳ ಕಮ್ಮಾರನಾದ ವಲ್ಕನ್ನನ ಕುಲುಮೆಗೆ ಹೋದಳು. ಪಾಂಪೇಯಿಯ ಹಲವು ಮನೆಗಳಲ್ಲಿ ಈ ಪ್ರಸಂಗದ ಚಿತ್ರಗಳಿವೆ. ನೇಪಲ್ಸಿನಲ್ಲಿರುವ ಒಂದು ಪ್ರಸಿದ್ಧ ಚಿತ್ರದಲ್ಲಿ ಸಿದ್ಧವಾದ ಗುರಾಣಿಯನ್ನು ಎತ್ತಿ ಹಿಡಿದಿದ್ದಾರೆ. ಕುಳಿತ ಥೆಟಿಸಳ ಆಕೃತಿ ಅದರಲ್ಲಿ ಪ್ರತಿಬಿಂಬಿಸಿದೆ. ಈ ಗುರಾಣಿಯನ್ನು ಹೊತ್ತು ರಣರಂಗಕ್ಕೆ ಹೋದ ಮಗನು ಬಹುಕಾಲ ಬದುಕುವುದಿಲ್ಲವೆಂಬುದು ಅವಳಿಗೆ ಗೊತ್ತು. ಹೊಳೆಯುವ ಆಯುಧದಲ್ಲಿ ಅವಳಿಗೆ ಕಂಡದ್ದು ಮಗನ ವಿಜಯವಲ್ಲ, ಮಗನನ್ನು ಕಳೆದುಕೊಳ್ಳಲಿರುವ ತಾಯಿಯ ಮುಖ. ಮಕ್ಕಳಿಗೆ ಕೇಳಿದ್ದನ್ನೆಲ್ಲ ತಂದುಕೊಡುವ ತಾಯಿತಂದೆಗಳು ಈ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತಾರು.

ಕಾಣಬಾರದುದನ್ನು ಕಾಣಲಿಕ್ಕೂ ಪ್ರತಿಬಿಂಬ ಸಾಧನವಾಗುತ್ತದೆ. ಮೆಡೂಸಾ ಎಂಬ ರಾಕ್ಷಸಿಯನ್ನು ಕಣ್ಣಾರೆ ನೋಡಿದವರು ಕಲ್ಲಾಗುತ್ತಿದ್ದರು. ಪರ್ಸಿಯಸ್ ಎಂಬ ವೀರನು ಗುರಾಣಿಯಲ್ಲಿ ಮೂಡಿದ ಅವಳ ಬಿಂಬವನ್ನು ನೋಡುತ್ತ ಅವಳ ತಲೆಯನ್ನು ಕತ್ತರಿಸಿದನು. ಪಾಂಪೇಯಿಯ ಚಿತ್ರಕಾರರು ಇದರ ಮುಂದಿನ ಕಥೆಯನ್ನು ಮೆಚ್ಚಿ ಬರೆದಿದ್ದಾರೆ. ಪರ್ಸಿಯಸ್ಸನೂ ಅವನ ಮಡದಿ ಆಂಡ್ರೊಮೆಡಾಳೂ ಕೊಳದ ದಡದಲ್ಲಿ ಜೊತೆಯಾಗಿ ಕುಳಿತಿದ್ದಾರೆ. ಅವನು ಆ ಭಯಂಕರವಾದ ತಲೆಯನ್ನು ಮೇಲಕ್ಕೆತ್ತಿ ಹಿಡಿದಿದ್ದಾನೆ. ಇಬ್ಬರೂ ನೋಡುತ್ತಿರುವುದು ಕೆಳಗಿನ ನೀರಿನಲ್ಲಿ ಬಿದ್ದ ಅದರ ನೆರಳನ್ನು. ನೇರವಾಗಿ ಎದುರಿಸಿದರೆ ನಮ್ಮನ್ನು ಕಲ್ಲಾಗಿಸುವ ಭಯವನ್ನೂ ದುಃಖವನ್ನೂ ಕಥೆಯಲ್ಲಿ, ನಾಟಕದಲ್ಲಿ, ಚಿತ್ರದಲ್ಲಿ ಕಂಡು ಅರ್ಥಮಾಡಿಕೊಳ್ಳಬಹುದೆಂಬ ತತ್ತ್ವ ಇಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ.

ಮನೆಯ ಕನ್ನಡಿ

ಕನ್ನಡಿಯೆಂದರೆ ರೋಮನರಿಗೆ ಬರಿಯ ಎಚ್ಚರಿಕೆಯಾಗಿತ್ತೆಂದು ಭಾವಿಸಬಾರದು. ಅದು ಗೃಹಿಣಿಯ ಗೌರವದ ಚಿಹ್ನೆಯೂ ಆಗಿತ್ತು. ರೋಮನರ ಆಳ್ವಿಕೆಗೆ ಸೇರಿದ್ದ ಫ್ರಿಜಿಯಾ ಎಂಬ ಸೀಮೆಯಲ್ಲಿ, ಎಂದರೆ ಈಗಿನ ಟರ್ಕಿಯಲ್ಲಿ, ಸ್ತ್ರೀಯರ ಸಮಾಧಿಯ ಕಲ್ಲುಗಳ ಮೇಲೆ ಕನ್ನಡಿ, ಬಾಚಣಿಗೆ, ನೂಲುವ ಕದಿರು ಇವುಗಳನ್ನು ಒಟ್ಟಿಗೆ ಕೆತ್ತುತ್ತಿದ್ದರು. ಶುಚಿತ್ವ ಮತ್ತು ದುಡಿಮೆ ಎರಡೂ ಕೂಡಿದ ಬಾಳುವೆ ಅವಳದೆಂದು ಇದರ ತಾತ್ಪರ್ಯ. ಪಾಂಪೇಯಿಯ ಹೊರವಲಯದಲ್ಲಿರುವ ‘ರಹಸ್ಯಗಳ ಮಹಲು’ ಎಂಬ ಮನೆಯ ಕೆಂಪು ಗೋಡೆಯ ಮೇಲೆ ತಲೆ ಬಾಚಿಸಿಕೊಳ್ಳುತ್ತಿರುವ ಒಬ್ಬ ಯುವತಿಯ ಚಿತ್ರವಿದೆ. ರೆಕ್ಕೆಯುಳ್ಳ ಬಾಲಕನೊಬ್ಬನು ಅವಳಿಗೆ ಕನ್ನಡಿ ಹಿಡಿದಿದ್ದಾನೆ. ಅವಳು ಮದುವೆಗೆ ಸಿಂಗರಗೊಳ್ಳುತ್ತಿರುವಳೆಂದು ಅನೇಕರ ಅಭಿಪ್ರಾಯ. ರೋಮಿನಲ್ಲಿ 1793ರಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಕ್ರಿ. ಶ. ನಾಲ್ಕನೆಯ ಶತಮಾನದ ಬೆಳ್ಳಿಯ ಪೆಟ್ಟಿಗೆಯ ಮೇಲೆ ಪ್ರೊಜೆಕ್ಟಾ ಎಂಬ ಮಹಿಳೆಯ ಅಲಂಕಾರವನ್ನು ಕೆತ್ತಲಾಗಿದೆ. ಅವಳ ಸೇವಕಿ ಕನ್ನಡಿ ಹಿಡಿದು ನಿಂತಿದ್ದಾಳೆ. ಮುಚ್ಚಳದ ಮೇಲೆ ಸೌಂದರ್ಯದೇವತೆಯಾದ ವೀನಸ್ ಚಿಪ್ಪಿನಲ್ಲಿ ಕುಳಿತು ಸಿಂಗರಗೊಳ್ಳುತ್ತಿದ್ದಾಳೆ. ಮೇಲಿನ ದೇವತೆಗೆ ಕೆಳಗಿನ ಗೃಹಿಣಿಯೇ ಪ್ರತಿಬಿಂಬವೆಂಬಂತೆ ಶಿಲ್ಪಿ ಎರಡನ್ನೂ ಹೊಂದಿಸಿದ್ದಾನೆ.

ಇಲ್ಲಿಯೇ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು. 1938ರಲ್ಲಿ ಪಾಂಪೇಯಿಯ ಮನೆಯೊಂದರಲ್ಲಿ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಬೊಂಬೆಯೊಂದು ದೊರೆಯಿತು. ಬಳೆ, ಹಾರ, ಕಾಲ್ಗಡಗಗಳನ್ನು ತೊಟ್ಟ ಆ ಸ್ತ್ರೀಯ ಎರಡು ಪಕ್ಕಗಳಲ್ಲಿ ಅಲಂಕಾರದ ಸಾಮಗ್ರಿ ಹಿಡಿದ ಚಿಕ್ಕ ಸೇವಕಿಯರಿದ್ದಾರೆ. ನೋಡಿದೊಡನೆ ಭಾರತದ ಕೆಲಸವೆಂದು ತಿಳಿಯುವಂತಿದ್ದುದರಿಂದ ಅದನ್ನು ಪಾಂಪೇಯಿ ಲಕ್ಷ್ಮಿ ಎಂದು ಕರೆದರು. ನೆತ್ತಿಯಿಂದ ಕೆಳಕ್ಕೆ ಕೊರೆದ ರಂಧ್ರವಿರುವುದರಿಂದ ಅದು ಕನ್ನಡಿಯೊಂದರ ಹಿಡಿಯಾಗಿದ್ದಿತೆಂದು ಊಹಿಸಿದವರುಂಟು. ಸಣ್ಣ ಮೇಜಿನ ಕಾಲಾಗಿದ್ದಿತೆಂದು ಹೇಳಿದವರೂ ಉಂಟು. ಇದನ್ನು ಹೋಲುವ ಬೊಂಬೆಗಳು ದೊರೆತಿರುವುದು ಮಹಾರಾಷ್ಟ್ರದ ಭೋಕರ್ದನಿನಲ್ಲಿ ಮತ್ತು ನಮ್ಮ ಸೊಲ್ಲಾಪುರ ಜಿಲ್ಲೆಗೆ ನೆರೆಯಾದ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರಿನಲ್ಲಿ. ಈ ತೇರ್ ಗ್ರಾಮವೇ ಹಿಂದಿನ ತಗರ, ಕ್ರಿ. ಶ. ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಗ್ರಂಥದಲ್ಲಿ ಅದರ ಹೆಸರಿದೆ. ಇಂದು ನಾವು ಬಸ್ಸಿನಲ್ಲಿ ಹೋಗಿಬರುವ ಈ ದಖ್ಖಣದ ದಂತಕೆಲಸಕ್ಕೂ ವೆಸೂವಿಯಸ್ಸಿನ ತಪ್ಪಲಿನ ಒಂದು ಮನೆಗೂ ಅಂದೇ ನಂಟು ಬೆಳೆದಿದ್ದಿತೆಂಬುದು ಎಂತಹ ಸೋಜಿಗ!

ಗುರುವಿನ ಕನ್ನಡಿ

ಕಲಾವಿದರು ಬಣ್ಣದಲ್ಲಿ ಕೇಳಿದ ಪ್ರಶ್ನೆಯನ್ನು ರೋಮಿನ ಲೇಖಕರು ಮಾತಿನಲ್ಲಿ ಕೇಳಿದರು. ಕ್ರಿ. ಪೂ. 160ರಲ್ಲಿ ಟೆರೆನ್ಸ್ ಎಂಬ ನಾಟಕಕಾರನ ‘ಸೋದರರು’ ಎಂಬ ನಾಟಕ ರಂಗಕ್ಕೆ ಬಂದಿತು. ಅದರಲ್ಲಿ ಕಟ್ಟುನಿಟ್ಟಾದ ತಂದೆಯೊಬ್ಬನು, ಇತರರ ಬಾಳನ್ನು ಕನ್ನಡಿಯಲ್ಲಿ ನೋಡುವಂತೆ ನೋಡಿ ಪಾಠ ಕಲಿಯಬೇಕೆಂದು ತನ್ನ ಮಗನಿಗೆ ಬೋಧಿಸುತ್ತಿರುವುದಾಗಿ ಜಂಬದಿಂದ ಹೇಳುತ್ತಾನೆ. ಆ ಮಗನು ಅಷ್ಟರಲ್ಲಿಯೇ ತಂದೆಯ ಕಣ್ಣಿಗೆ ಮಣ್ಣೆರಚಿ ಆಟ ಹೂಡಿರುತ್ತಾನೆ. ಕೇಳುತ್ತಿದ್ದ ಚತುರ ಸೇವಕನು, ತಾನೂ ಅಡುಗೆಯ ಆಳುಗಳಿಗೆ ಪಾತ್ರೆಗಳನ್ನೇ ಕನ್ನಡಿಯೆಂದು ತಿಳಿದು ನೋಡಿರೆಂದು ಬೋಧಿಸುತ್ತಿರುವುದಾಗಿ ಅಣಕಿಸುತ್ತಾನೆ. ತಂದೆಗೆ ಅಣಕವೂ ತಿಳಿಯುವುದಿಲ್ಲ. ಮಕ್ಕಳ ಮುಂದೆ ಕನ್ನಡಿ ಹಿಡಿದವರು ತಾವೂ ಒಮ್ಮೆ ಅದರಲ್ಲಿ ಇಣಿಕಬೇಕೆಂಬ ಮಾತನ್ನು ಇದಕ್ಕಿಂತ ನಗೆಮುಖದಿಂದ ಹೇಳುವುದು ಕಷ್ಟ.

ಕನ್ನಡಿಯ ವಿಷಯವನ್ನು ಎಲ್ಲರಿಗಿಂತ ಹೆಚ್ಚಾಗಿ ಚಿಂತಿಸಿದವನು ಸೆನೆಕ ಎಂಬ ತತ್ತ್ವಜ್ಞಾನಿ. ಮನುಷ್ಯನು ತನ್ನನ್ನು ಅರಿಯಲೆಂದೇ ಕನ್ನಡಿ ಹುಟ್ಟಿತೆಂದು ಅವನ ಮತ. ಸುಂದರನಾದವನು ನೋಡಿಕೊಂಡು, ಈ ರೂಪಕ್ಕೆ ಕಳಂಕ ತರುವ ನಡತೆ ಬೇಡವೆಂದು ತಿಳಿಯಲಿ. ಕುರೂಪಿಯಾದವನು, ದೇಹದ ಕೊರತೆಯನ್ನು ಗುಣದಿಂದ ತುಂಬುವೆನೆಂದು ನಿಶ್ಚಯಿಸಲಿ. ತರುಣನು, ಕಲಿಯಲೂ ಸಾಹಸಮಾಡಲೂ ಇದೇ ಕಾಲವೆಂದು ನೆನೆಯಲಿ. ವೃದ್ಧನು, ನರೆತ ಕೂದಲಿಗೆ ಒಪ್ಪದ ಆಸೆಗಳನ್ನು ಬಿಡಲಿ ಎಂದು ಅವನು ಬಗೆಬಗೆಯಾಗಿ ವಿವರಿಸುವನು. ಕೋಪದ ವಿಷಯವಾಗಿ ಬರೆದ ಗ್ರಂಥದಲ್ಲಿ, ಸಿಟ್ಟು ಬಂದಾಗ ಕನ್ನಡಿ ನೋಡಿಕೊಂಡು ತಮ್ಮ ವಿಕಾರಕ್ಕೆ ತಾವೇ ಬೆಚ್ಚಿ ಶಾಂತರಾದವರುಂಟೆಂದು ತಿಳಿಸಿದ್ದಾನೆ. ಇದನ್ನು ಕಿರಿಯರೂ ಹಿರಿಯರೂ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಆದರೆ ಅವನ ಕಾಲಕ್ಕೆ ಕನ್ನಡಿ ಭೋಗದ ವಸ್ತುವಾಗಿತ್ತು. ಹಿಂದಿನವರ ಮಗಳ ವರದಕ್ಷಿಣೆಗಿಂತ ಈಗಿನವರ ಒಂದು ಕನ್ನಡಿಯ ಬೆಲೆಯೇ ಹೆಚ್ಚೆಂದು ಅವನು ಮರುಗುತ್ತಾನೆ.

ಸೆನೆಕನ ಜೀವನದಲ್ಲಿಯೇ ಕನ್ನಡಿಯ ಕಥೆಯೊಂದುಂಟು. ನೀರೊ ಎಂಬ ಹುಡುಗನಿಗೆ ಅವನು ಗುರುವಾಗಿದ್ದನು. ಕ್ರಿ. ಶ. 54ರಲ್ಲಿ ಆ ಹುಡುಗನು ಹದಿನಾರರ ವಯಸ್ಸಿನಲ್ಲಿಯೇ ಚಕ್ರವರ್ತಿಯಾದನು. ಒಂದೆರಡು ವರ್ಷಗಳಲ್ಲಿ ಸೆನೆಕನು ಅವನಿಗಾಗಿ ದಯೆಯನ್ನು ಕುರಿತು ಒಂದು ಗ್ರಂಥವನ್ನು ಬರೆದು, ತಾನು ಅವನಿಗೆ ಕನ್ನಡಿಯಂತಿದ್ದು ಅವನನ್ನು ಅವನಿಗೇ ತೋರಿಸುವೆನೆಂದು ಮೊದಲಿನಲ್ಲಿಯೇ ಹೇಳಿದನು. ಅವನು ತೋರಿಸಿದ್ದು ದಯಾಳುವಾದ, ಕೈಗೆ ರಕ್ತ ತಾಕದ ಒಬ್ಬ ಅರಸನ ಮುಖ. ಶಿಷ್ಯನು ಅದನ್ನು ನೋಡಿ ಹಿಗ್ಗಿದನೇನೋ, ಹಾಗೆ ಆಗಲಿಲ್ಲ. ಕ್ರಿ. ಶ. 65ರಲ್ಲಿ ಅವನು ತನ್ನ ಗುರುವಿಗೇ ಪ್ರಾಣತ್ಯಾಗ ಮಾಡೆಂದು ಆಜ್ಞೆ ಮಾಡಿದನು. ಸೆನೆಕನು ಅದನ್ನು ಪಾಲಿಸಿದನು. ಗುರುವು ಕನ್ನಡಿಯನ್ನು ಹಿಡಿಯಬಲ್ಲನು. ನೋಡುವ ಕೆಲಸವನ್ನು ಶಿಷ್ಯನೇ ಮಾಡಬೇಕು.

ಅದೇ ಸಿಂಹಾಸನವನ್ನು ಮುಂದೆ ಏರಿದ ಡೊಮಿಷಿಯನ್ ಎಂಬ ಕ್ರೂರಿಯು ಪ್ರಾಣಭಯದಿಂದ ತಾನು ತಿರುಗಾಡುವ ಮೊಗಸಾಲೆಯ ಗೋಡೆಗಳಿಗೆ ಹೊಳೆಯುವ ಕಲ್ಲನ್ನು ಹಾಕಿಸಿದನಂತೆ. ಬೆನ್ನ ಹಿಂದೆ ಯಾರು ಬಂದರೂ ಅದರಲ್ಲಿ ಕಾಣಲೆಂದು ಅವನ ಆಲೋಚನೆ. ಸುತ್ತಲೂ ಕನ್ನಡಿಯಿದ್ದರೂ ಅವನು ನೋಡುತ್ತಿದ್ದುದು ಇತರರನ್ನು, ತನ್ನನ್ನಲ್ಲ. ಕ್ರಿ. ಶ. 96ರಲ್ಲಿ ಅವನ ಅರಮನೆಯಲ್ಲಿಯೇ ಅವನ ಕೊಲೆಯಾಯಿತು.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬನನ್ನು ನೆನೆದು ಮುಗಿಸೋಣ. ಎರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಅಪುಲಿಯಸ್ ಎಂಬ ಲೇಖಕನ ಮೇಲೆ ಮಾಟದ ಆಪಾದನೆ ಬಂದಿತು. ತತ್ತ್ವಜ್ಞಾನಿಯ ಬಳಿ ಕನ್ನಡಿಯೇಕೆ ಎಂಬುದೂ ವಿರೋಧಿಗಳ ಒಂದು ಆಕ್ಷೇಪ! ಅವನು ನ್ಯಾಯಸಭೆಯಲ್ಲಿ ಕೊಟ್ಟ ಉತ್ತರದ ಸಾರಾಂಶವಿಷ್ಟು: ಸಾಕ್ರೆಟಿಸನೇ ತನ್ನ ಶಿಷ್ಯರಿಗೆ ಆಗಾಗ ಕನ್ನಡಿ ನೋಡಿಕೊಳ್ಳಿರೆಂದು ಹೇಳುತ್ತಿದ್ದನು; ವಾಗ್ಮಿಯಾದ ಡೆಮಾಸ್ತನೀಸನು ತನ್ನ ಭಾಷಣಗಳನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸಮಾಡುತ್ತಿದ್ದನು. ಕನ್ನಡಿ ಅವರಿಗೆ ತಮ್ಮನ್ನು ತಿದ್ದಿಕೊಳ್ಳುವ ಸಾಧನವಾಗಿತ್ತು.

ಕೊಳದ ದಡದಲ್ಲಿ ನಾರ್ಸಿಸಸ್ ಕಂಡ ಮುಖವೂ ನಿಜವಾದ ಮುಖವೇ, ರಣರಂಗದ ಸಿಪಾಯಿ ಕಂಡ ಮುಖವೂ ನಿಜವಾದ ಮುಖವೇ. ಒಬ್ಬನು ಕಾಲವೆಲ್ಲ ಇದ್ದೂ ನೋಟದಲ್ಲಿಯೇ ಕಳೆದುಹೋದನು. ಇನ್ನೊಬ್ಬನಿಗೆ ನೋಡಿ ತಿಳಿಯುವ ಹೊತ್ತಿಗೆ ಕಾಲವೇ ಇರಲಿಲ್ಲ. ವಿದ್ಯಾರ್ಥಿಗಳಾದ ನಿಮಗೆ ಕಾಲವೂ ಇದೆ, ಕನ್ನಡಿಯೂ ಇದೆ. ರೋಮನರ ಕಂಚಿನ ಬಿಲ್ಲೆಯಂತೆ ಮನಸ್ಸಿನ ಕನ್ನಡಿಯೂ ಉಜ್ಜದಿದ್ದರೆ ಮಾಸುವುದು. ಓದು, ವಿಚಾರ, ಹಿರಿಯರ ಮಾತು, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಇವೇ ಅದನ್ನು ಬೆಳಗುವ ಹುಣಿಸೆಹಣ್ಣು. ನಾಳೆ ಬೆಳಿಗ್ಗೆ ಬೈತಲೆ ತೆಗೆಯುವಾಗ ಅರೆಗಳಿಗೆ ಹೆಚ್ಚಾಗಿ ನಿಂತು ನೋಡಿರಿ. ಶಾಲೆಯ ಗಂಟೆಗೆ ತಡವಾಗದಷ್ಟು ಮಾತ್ರ.